ತಾಯಿ ವಿಮಾನ 86 ಟನ್, ಮರಿ 6 ಕಿಲೋ

ಹೊಸಪೇಟೆಯಿಂದ ಕಂಪ್ಲಿಗೆ ನಕ್ಷೆಯ ಮೇಲೆ ಸ್ಕೇಲಿಟ್ಟು ಗೆರೆ ಎಳೆದರೆ ಸುಮಾರು 28 ಕಿ.ಮೀ. ಹೊಸಪೇಟೆಯಿಂದ ಸಂಡೂರಿಗೆ 26. ಸಂಡೂರಿನಿಂದ ಕಂಪ್ಲಿಗೆ 35. ಈ ಮೂರು ಗೆರೆಗಳ ತ್ರಿಕೋನದ ವಿಸ್ತೀರ್ಣ ಹೆಚ್ಚುಕಡಿಮೆ 360 ಚದರ ಕಿ.ಮೀ. ತುಂಗಭದ್ರಾ ಡ್ಯಾಂ ತುಂಬಿದಾಗ ಹಿನ್ನೀರು ಹರಡುವ ಜಾಗ 378 ಚದರ ಕಿ.ಮೀ. ಅಂದರೆ ಎರಡೂ ಸರಿಸುಮಾರು ಒಂದೇ. ಹಂಪಿ ಮಾತ್ರ ಈ ತ್ರಿಕೋನದೊಳಗೆ ಬರುವುದಿಲ್ಲ, ಗೆರೆಯಿಂದ ಎರಡು ಮೂರು ಕಿಲೋಮೀಟರ್ ಉತ್ತರಕ್ಕೆ, ಹೊಳೆದಂಡೆಯಲ್ಲಿ ಉಳಿದುಬಿಡುತ್ತದೆ. ಈ ತ್ರಿಕೋನ, ಈ ಡ್ಯಾಂ, ಹಂಪಿಯ ವಿರೂಪಾಕ್ಷನ ಗುಡಿಯ ದೊಡ್ಡ ಗೋಪುರ, ಇವೇ ಈ ಲೇಖನದ ಅಳತೆಗೋಲು. ಅಳೆಯಬೇಕಾದ ವಸ್ತು ಮಾತ್ರ ನಮ್ಮ ಕಡೆಯದಲ್ಲ. ಅದು ಕಡಲ ಮೇಲಿನದು.

ನಮ್ಮ ನೌಕಾಪಡೆಯ ಬಳಿ ಪಿ-8ಐ ಎಂಬ ಗಸ್ತು ವಿಮಾನಗಳಿವೆ. ಒಟ್ಟು 12. ಮೊದಲ ಎಂಟಕ್ಕೆ 2009ರಲ್ಲಿ ಬೋಯಿಂಗ್ ಕಂಪನಿಯೊಂದಿಗೆ ಒಪ್ಪಂದವಾಯಿತು, 2013ರಲ್ಲಿ ಮೊದಲನೆಯದು ತಮಿಳುನಾಡಿನ ಅರಕ್ಕೋಣಂನಲ್ಲಿರುವ ಐಎನ್‌ಎಸ್ ರಾಜಾಳಿಗೆ ಬಂದಿಳಿಯಿತು. ಇನ್ನು ನಾಲ್ಕಕ್ಕೆ 2016ರಲ್ಲಿ ಸಹಿ ಬಿತ್ತು, ಅವು ಗೋವಾದ ಐಎನ್‌ಎಸ್ ಹಂಸದಲ್ಲಿವೆ. ನೋಡಲಿಕ್ಕೆ ನಾವು ಬೆಂಗಳೂರಿಗೋ ದಿಲ್ಲಿಗೋ ಹತ್ತಿ ಹೋಗುವ ಬೋಯಿಂಗ್ 737ರಂತೆಯೇ, ಏಕೆಂದರೆ ಅದರ ಮೈ ಅದೇ. ಪೂರ್ತಿ ಭಾರ ಹೊತ್ತು ಏರುವಾಗ ತೂಕ 85,820 ಕಿಲೋ. ರೆಕ್ಕೆಯ ತುದಿಯಿಂದ ತುದಿಗೆ ಸುಮಾರು 37.6 ಮೀಟರ್. ಅದರೊಳಗಿನ ಸಂಪರ್ಕ ಸಾಧನಗಳಲ್ಲಿ ಕೆಲವನ್ನು ಬೆಂಗಳೂರಿನ ಬಿಇಎಲ್ ಮಾಡಿಕೊಟ್ಟಿದೆ. ಪಿ-8 ವಿಮಾನಗಳ ಉಪಕರಣ ಕೂರಿಸುವ ಲೋಹದ ಕಪಾಟುಗಳು ಕೂಡ ಬೆಂಗಳೂರಿನ ಡೈನಮ್ಯಾಟಿಕ್ ಕಂಪನಿಯವು. ಕಡಲ ವಿಮಾನವಾದರೂ ಕನ್ನಡ ನೆಲದ ಋಣ ಸ್ವಲ್ಪ ಇದೆ.

ಈ 12 ವಿಮಾನಗಳ ಪಾಲಿಗೆ ಬಂದಿರುವ ಕಡಲೆಷ್ಟು? ಭಾರತದ ವಿಶೇಷ ಆರ್ಥಿಕ ವಲಯವೊಂದೇ ಸುಮಾರು 23.7 ಲಕ್ಷ ಚದರ ಕಿ.ಮೀ. ಹನ್ನೆರಡರಿಂದ ಭಾಗಿಸಿದರೆ ಒಂದೊಂದಕ್ಕೆ 1,97,500 ಚದರ ಕಿ.ಮೀ. ಇಡೀ ಕರ್ನಾಟಕದ ವಿಸ್ತೀರ್ಣ 1,91,791. ಬೀದರಿನಿಂದ ಚಾಮರಾಜನಗರದವರೆಗೆ ಒಂದೇ ಒಂದು ವಿಮಾನ ಗಸ್ತು ಹೊಡೆಯಬೇಕು, ಅದೂ ನೀರಿನ ಮೇಲೆ ಕಾಣುವುದನ್ನಲ್ಲ, ನೀರಿನೊಳಗೆ ಉಸಿರು ಬಿಗಿಹಿಡಿದು ಸರಿಯುವ ಜಲಾಂತರ್ಗಾಮಿಯನ್ನು ಹುಡುಕಬೇಕು ಎಂದುಕೊಳ್ಳಿ. ಇಷ್ಟಕ್ಕೂ ಹನ್ನೆರಡೂ ಯಾವತ್ತೂ ಒಟ್ಟಿಗೆ ಆಕಾಶದಲ್ಲಿರುವುದಿಲ್ಲ. ರಿಪೇರಿಗೆ ನಿಂತದ್ದು ಕೆಲವು, ತರಬೇತಿಗೆ ಹೋದದ್ದು ಕೆಲವು ಇದ್ದೇ ಇರುತ್ತವೆ.

ಹಾಗಾಗಿ ವಿಮಾನ ಎತ್ತರದಲ್ಲಿ ಹಾರುತ್ತದೆ. ಎತ್ತರದ ಲಾಭವನ್ನು ಹೊಸಪೇಟೆಯಲ್ಲೇ ಲೆಕ್ಕ ಹಾಕಬಹುದು. ಊರಿನ ನೆತ್ತಿಯ ಮೇಲೆ 9 ಕಿ.ಮೀ. ಎತ್ತರಕ್ಕೆ ಏರಿದರೆ ದಿಗಂತ ಸುಮಾರು 340 ಕಿ.ಮೀ. ದೂರಕ್ಕೆ ಸರಿಯುತ್ತದೆ. ಪಣಜಿ ಇಲ್ಲಿಂದ ನೇರ ಗೆರೆಯಲ್ಲಿ 275 ಕಿ.ಮೀ., ಬೆಂಗಳೂರು 285, ಹೈದರಾಬಾದ್ 323. ಮೂರು ರಾಜ್ಯಗಳ ರಾಜಧಾನಿಗಳು ಒಂದೇ ದಿಗಂತದೊಳಗೆ ಬಂದುಬಿಟ್ಟವು! ಮೋಡ ಮಬ್ಬು ಬಿಡಿ, ರಾಡಾರಿಗೆ ಅದರ ಹಂಗಿಲ್ಲ. ಆ ವೃತ್ತದ ವಿಸ್ತೀರ್ಣ 3.6 ಲಕ್ಷ ಚದರ ಕಿ.ಮೀ., ಕರ್ನಾಟಕದ ಎರಡರಷ್ಟಕ್ಕೆ ಹತ್ತಿರ. ವಿರೂಪಾಕ್ಷನ ಗುಡಿಯ ಆ ದೊಡ್ಡ ಗೋಪುರದ, ಅಂದರೆ ಬಿಷ್ಟಪ್ಪಯ್ಯ ಗೋಪುರದ, ಎತ್ತರ ಸುಮಾರು 50 ಮೀಟರ್. ಅಂಥ 180 ಗೋಪುರಗಳನ್ನು ಒಂದರ ಮೇಲೊಂದು ನಿಲ್ಲಿಸಿದರೆ ಈ 9 ಕಿ.ಮೀ. ತಲುಪೀತು.

ಇಷ್ಟೆಲ್ಲ ಕಂಡರೂ ಕಾಣಬೇಕಾದ್ದು ಮಾತ್ರ ಕಾಣುವುದಿಲ್ಲ. ರಾಡಾರು ನೀರಿನೊಳಗೆ ಇಳಿಯದು. ಮುಳುಗಿದ ಜಲಾಂತರ್ಗಾಮಿ ಹೊರಜಗತ್ತಿಗೆ ಬಿಟ್ಟುಕೊಡುವ ಮುಖ್ಯ ಸುಳಿವು ಎರಡು: ಸದ್ದು ಮತ್ತು ಕಬ್ಬಿಣ. ಸದ್ದಿಗೆ ಸೋನೋಬಾಯ್ ಎಂಬ ತೇಲುಕಿವಿಗಳನ್ನು ಉದುರಿಸುತ್ತಾರೆ. ಒಂದು ಪಿ-8 ವಿಮಾನ ಇಂಥ 120ಕ್ಕಿಂತ ಹೆಚ್ಚನ್ನು ಹೊತ್ತೊಯ್ಯಬಲ್ಲದು. ಕಬ್ಬಿಣದ ಕತೆ ನಮ್ಮ ಸಂಡೂರಿನವರಿಗೆ ಹೇಳಿಕೊಡಬೇಕಾದ್ದಿಲ್ಲ.

ಭೂಮಿಯ ಕಾಂತಕ್ಷೇತ್ರದ ಬಲ ನಮ್ಮ ಸೀಮೆಯಲ್ಲಿ ಸುಮಾರು 40,000 ನ್ಯಾನೋಟೆಸ್ಲಾ. ಸಂಡೂರು ಗುಡ್ಡಗಳ ಪಟ್ಟೆಪಟ್ಟೆ ಕಬ್ಬಿಣಕಲ್ಲಿನಲ್ಲಿ ಮ್ಯಾಗ್ನೆಟೈಟ್ ಇರುವ ಕಡೆ ದಿಕ್ಸೂಚಿಯ ಮುಳ್ಳು ಉತ್ತರ ಬಿಟ್ಟು ಬೇರೆ ಕಡೆ ಮುಖ ಮಾಡಬಲ್ಲದು, ಏಕೆಂದರೆ ಗುಡ್ಡವೇ ಭೂಮಿಯ ಕ್ಷೇತ್ರಕ್ಕೆ ತನ್ನದೊಂದು ಪಾಲು ಸೇರಿಸುತ್ತದೆ. ಅದಿರು ಹುಡುಕುವವರು ವಿಮಾನದಲ್ಲಿ, ಹೆಲಿಕಾಪ್ಟರಿನಲ್ಲಿ ಕಾಂತಮಾಪಕ ಕಟ್ಟಿಕೊಂಡು ಹಾರುವುದು ಇದಕ್ಕೇ. ಜಲಾಂತರ್ಗಾಮಿಯೂ ಒಂದು ಪುಟ್ಟ ಕಬ್ಬಿಣದ ಗುಡ್ಡವೇ. ಉಕ್ಕಿನ ಅಷ್ಟು ದೊಡ್ಡ ಮೈ ಸುತ್ತಲಿನ ಕ್ಷೇತ್ರವನ್ನು ತುಸು ಕೊಂಕಿಸುತ್ತದೆ. ತುಸು ಅಂದರೆ ಎಷ್ಟು? ಕೆಲವು ನೂರು ಮೀಟರು ದೂರದಲ್ಲಿ ನಿಂತು ಅಳೆದರೆ ಒಂದು ನ್ಯಾನೋಟೆಸ್ಲಾ ಆಜುಬಾಜು, ಕೆಲವೊಮ್ಮೆ ಅದಕ್ಕೂ ಕಡಿಮೆ. ಒಳ್ಳೆಯ ಕಾಂತಮಾಪಕ ಒಂದು ನ್ಯಾನೋಟೆಸ್ಲಾದ ನೂರನೇ ಪಾಲನ್ನೂ ಗುರುತಿಸುತ್ತದೆ. ನಲವತ್ತು ಸಾವಿರದಲ್ಲಿ ನೂರನೇ ಒಂದು: ಅಂದರೆ 40 ಲಕ್ಷದಲ್ಲಿ ಒಂದು ಪಾಲು ವ್ಯತ್ಯಾಸವನ್ನು ಹಿಡಿಯುವ ಉಪಕರಣ. ಮನುಷ್ಯ ಇಂಥದ್ದನ್ನು ಮಾಡಿದ್ದಾನೆ ಅನ್ನುವುದೇ ನನಗೆ ವಿಮಾನಕ್ಕಿಂತ ದೊಡ್ಡ ಬೆರಗು.

ಆದರೆ ಇದಕ್ಕೊಂದು ಶಾಪವಿದೆ. ಕಾಂತದ ಈ ಸುಳಿವು ದೂರದ ಘನಕ್ಕೆ ತಕ್ಕಂತೆ ಕುಗ್ಗುತ್ತದೆ. ದೂರ ಎರಡರಷ್ಟಾದರೆ ಸುಳಿವು ಎಂಟನೇ ಒಂದು. ಹತ್ತರಷ್ಟಾದರೆ ಸಾವಿರದಲ್ಲಿ ಒಂದು. ಜಲಾಂತರ್ಗಾಮಿಯಿಂದ 450 ಮೀಟರು ದೂರದಲ್ಲಿ ಸಿಗುವ ಸುಳಿವು 9 ಕಿ.ಮೀ. ಮೇಲೆ ಎಷ್ಟಾದೀತು? ದೂರ ಇಪ್ಪತ್ತರಷ್ಟು, ಸುಳಿವು ಇಪ್ಪತ್ತರ ಘನದಷ್ಟು, ಅಂದರೆ 8,000 ಪಟ್ಟು ಕಡಿಮೆ. ಇನ್ನು ನೋಟದ ಲೆಕ್ಕ ಬೇರೆ. ಎತ್ತರದಿಂದ ಕಾಣುವ ವಿಸ್ತೀರ್ಣ ಎತ್ತರಕ್ಕೆ ನೇರ ಅನುಪಾತದಲ್ಲಿರುತ್ತದೆ. 9 ಕಿ.ಮೀ.ನಿಂದ 450 ಮೀಟರಿಗೆ ಇಳಿದರೆ ನೋಟ ಇಪ್ಪತ್ತನೇ ಒಂದು ಪಾಲಿಗೆ ಕುಸಿಯುತ್ತದೆ. ಹೊಸಪೇಟೆಯ ಮೇಲಿನಿಂದ ಕಂಡ ಮೂರು ರಾಜಧಾನಿಗಳೂ ಮರೆಯಾಗಿ ದಿಗಂತ 76 ಕಿ.ಮೀ.ಗೆ ಬಂದು ನಿಲ್ಲುತ್ತದೆ. ಮೇಲಿದ್ದರೆ ಎಂಟು ಸಾವಿರ ಪಟ್ಟು ಕುರುಡು, ಕೆಳಗಿಳಿದರೆ ಇಪ್ಪತ್ತು ಪಟ್ಟು ಕುರುಡು. ಜೆಟ್ ವಿಮಾನ ಕೆಳಗಿಳಿದರೆ ಇಂಧನ ಕುಡಿಯುವುದೂ ಜಾಸ್ತಿ.

ಅಮೆರಿಕದ ನೌಕಾಪಡೆ ತನ್ನ ಪಿ-8ಎ ವಿಮಾನಗಳಿಂದ ಈ ಕಾಂತಮಾಪಕದ ಬಾಲವನ್ನೇ ತೆಗೆದುಹಾಕಿತು. ಎತ್ತರದಿಂದಲೇ ಬೇಟೆಯಾಡುತ್ತೇವೆ, ಕೆಳಗಿಳಿಯದ ಮೇಲೆ ಅದರ ಭಾರ ಯಾಕೆ ಹೊರಬೇಕು ಎಂಬ ತರ್ಕ. ಭಾರತ ಮಾತ್ರ ಬೇಕೆಂದು ಕೇಳಿ ಹಾಕಿಸಿಕೊಂಡಿತು, ಪಿ-8ಐ ವಿಮಾನದ ಹಿಂದೆ ಆ ಬಾಲ ಇವತ್ತಿಗೂ ಇದೆ. ಯಾರ ತರ್ಕ ಸರಿ ಎಂಬ ವಾದ ಪರಿಣತರ ನಡುವೆ ಮುಗಿದಿಲ್ಲ; ಹಿಂದೂ ಮಹಾಸಾಗರದ ಕರಾವಳಿಯ ಆಳವಿಲ್ಲದ, ಗದ್ದಲದ ನೀರಿನಲ್ಲಿ ಕಿವಿಯೊಂದನ್ನೇ ನಂಬಲಾಗದು ಎಂಬ ನಮ್ಮವರ ಎಚ್ಚರಿಕೆ ನನಗೆ ಒಪ್ಪಿಗೆಯಾಗುತ್ತದೆ. ಅಮೆರಿಕದವರೂ ಕಾಂತವನ್ನು ಪೂರ್ತಿ ಬಿಟ್ಟುಕೊಡಲಿಲ್ಲ. 2015ರಲ್ಲಿ ಬಿಎಇ ಸಿಸ್ಟಮ್ಸ್ ಕಂಪನಿಗೆ ಒಂದು ಕೆಲಸ ಒಪ್ಪಿಸಿದರು: ಸೋನೋಬಾಯ್ ಉದುರಿಸುವ ಕೊಳವೆಯಿಂದಲೇ ಉದುರಿ, ಗಾಳಿಯಲ್ಲಿ ರೆಕ್ಕೆ ಬಿಚ್ಚಿ, ಕೆಳಗೆ ಹೋಗಿ ಹಾರುವ ಒಂದು ಚಿಕ್ಕ ಮಾನವರಹಿತ ವಿಮಾನ, ಅದರ ಹೊಟ್ಟೆಯಲ್ಲಿ ಕೂರುವಷ್ಟು ಪುಟ್ಟ ಕಾಂತಮಾಪಕ. ತಾಯಿ ಮೇಲೆ ಇಪ್ಪತ್ತು ಪಟ್ಟು ನೋಟ ಉಳಿಸಿಕೊಂಡು, ಮರಿ ಕೆಳಗೆ ಎಂಟು ಸಾವಿರ ಪಟ್ಟು ಸುಳಿವು ಹಿಡಿಯಲಿ ಎಂಬ ಹಂಚಿಕೆ.

ಆ ಕೊಳವೆಯ ಅಳತೆ ಕೇಳಿ. ಅಡ್ಡಗಲ 12.4 ಸೆಂಟಿಮೀಟರ್, ಉದ್ದ 91 ಸೆಂಟಿಮೀಟರ್. ಜಗತ್ತಿನ ಬಹುಪಾಲು ಗಸ್ತು ವಿಮಾನಗಳು ಹೊತ್ತೊಯ್ಯುವ ಮಾಮೂಲಿ ಸೋನೋಬಾಯ್‌ಗಳ ಅಳತೆ ಇದು. ಈ ಕೊಳವೆಯೊಳಗೆ ತೂರುವಂತೆ ಮಾಡಿದ ಮೊದಲ ಡ್ರೋನ್‌ಗಳ ಪೈಕಿ ಹೆಸರುವಾಸಿಯಾದದ್ದು ಕಯೋಟಿ. ತೂಕ ಸುಮಾರು 5.9 ಕಿಲೋ. ಕೊಳವೆಯೊಳಗೆ ಮಡಚಿಕೊಂಡಾಗ 12 ಸೆಂಟಿಮೀಟರಿನಷ್ಟೇ ಅಗಲವಿರುವ ಅದು ರೆಕ್ಕೆ ಬಿಚ್ಚಿದರೆ 147 ಸೆಂಟಿಮೀಟರ್. ಬ್ಯಾಟರಿಯಲ್ಲಿ ಓಡುತ್ತದೆ, ಗಂಟೆಗೆ 110 ಕಿ.ಮೀ. ಆಸುಪಾಸಿನ ವೇಗ, ಸುಮಾರು ಒಂದು ಗಂಟೆ ಹಾರಾಟ.

ಈಗ ಎರಡನ್ನೂ ಪಕ್ಕಪಕ್ಕ ಇಡಿ. 85,820 ಕಿಲೋ ಭಾಗಿಸು 5.9: ತಾಯಿ ಮರಿಗಿಂತ 14,500 ಪಟ್ಟು ಭಾರ. ನಮ್ಮ ತ್ರಿಕೋನದ ಸುತ್ತಳತೆ 89 ಕಿ.ಮೀ.; ತಾಯಿ ಗಂಟೆಗೆ 900 ಕಿ.ಮೀ. ವೇಗದಲ್ಲಿ ಹೊಸಪೇಟೆ, ಸಂಡೂರು, ಕಂಪ್ಲಿ ಸುತ್ತಿ ಮತ್ತೆ ಹೊಸಪೇಟೆಗೆ ಆರು ನಿಮಿಷದಲ್ಲಿ ಬಂದುಬಿಡುತ್ತದೆ. ಮರಿಗೆ 49 ನಿಮಿಷ ಬೇಕು, ಅಷ್ಟರಲ್ಲಿ ಅದರ ಆಯುಷ್ಯವೂ ಮುಗಿಯುತ್ತ ಬಂದಿರುತ್ತದೆ. ಬೆಲೆ ನೋಡಿದರೆ ಇನ್ನೂ ಮೋಜು. ಮೊದಲ ಎಂಟು ಪಿ-8ಐಗಳ ಒಪ್ಪಂದ 210 ಕೋಟಿ ಡಾಲರು, ಅಂದರೆ ಒಂದಕ್ಕೆ 26 ಕೋಟಿಯ ಮೇಲೆ. ಕಯೋಟಿಯ ಬೆಲೆಯನ್ನು ಆ ದಿನಗಳಲ್ಲಿ 15 ರಿಂದ 20 ಸಾವಿರ ಡಾಲರು ಎಂದು ಹೇಳುತ್ತಿದ್ದರು. ಭಾಗಿಸಿದರೆ 13,000 ದಿಂದ 17,500. ತೂಕದ ಅನುಪಾತ 14,500 ನಟ್ಟನಡುವೆ ಕೂತಿದೆ! ವಿಮಾನವನ್ನೂ ತಕ್ಕಡಿಯಲ್ಲಿಟ್ಟು ಕಿಲೋ ಲೆಕ್ಕದಲ್ಲೇ ಮಾರುತ್ತಾರೇನೋ ಅನ್ನಿಸುವಷ್ಟು. ಇದು ಬರೀ ಕಾಕತಾಳೀಯ ಇರಬಹುದು, ಆದರೂ ಲೆಕ್ಕ ಹಾಕಿದಾಗ ಒಂದು ಕ್ಷಣ ಪೆನ್ನು ನಿಂತದ್ದು ಹೌದು.

ಕಯೋಟಿಗೆ ಮೊದಲು ಹೆಸರು ತಂದದ್ದು ಯುದ್ಧವಲ್ಲ, ಬಿರುಗಾಳಿ. ಅಮೆರಿಕದ ಸಾಗರ ಮತ್ತು ವಾತಾವರಣ ಸಂಸ್ಥೆಯಾದ ನೋವಾ ಬಳಿ ಎರಡು ಪಿ-3 ಓರಿಯನ್ ವಿಮಾನಗಳಿವೆ. ಮೂಲತಃ ಜಲಾಂತರ್ಗಾಮಿ ಬೇಟೆಗೆಂದೇ ಹುಟ್ಟಿದ ಮಾದರಿ, ನಾಲ್ಕು ಎಂಜಿನಿನವು, ಅರ್ಧ ಶತಮಾನದಷ್ಟು ಹಳೆಯವು. ಮಕ್ಕಳ ಬೊಂಬೆಯಾಟದ ಪಾತ್ರಗಳ ಹೆಸರು ಇಟ್ಟಿದ್ದಾರೆ: ಕರ್ಮಿಟ್ ಎಂಬ ಕಪ್ಪೆ, ಮಿಸ್ ಪಿಗ್ಗಿ ಎಂಬ ಹಂದಿ. ಇವು ಚಂಡಮಾರುತದ ಕಣ್ಣಿನೊಳಗೇ ನುಗ್ಗುತ್ತವೆ. ಆದರೆ ಕಡಲಿನ ಮೈಗೆ ಹತ್ತಿರದ ಕೆಲವು ನೂರು ಮೀಟರುಗಳಲ್ಲಿ, ಬಿಸಿನೀರಿನಿಂದ ಗಾಳಿ ಬಲ ಹೀರುವ ಆ ಪದರಕ್ಕೆ, ಮನುಷ್ಯರಿರುವ ವಿಮಾನ ಇಳಿದರೆ ಮರಳುವ ಭರವಸೆ ಇಲ್ಲ. ಮೇಲಿನಿಂದ ಬಿಡುವ ಡ್ರಾಪ್‌ಸೋಂಡ್ ಉಪಕರಣ ಆ ಪದರವನ್ನು ದಾಟಿ ನೀರಿಗೆ ಬೀಳಲು ತೆಗೆದುಕೊಳ್ಳುವುದು ನಿಮಿಷವೂ ಅಲ್ಲ. 2014ರ ಸೆಪ್ಟೆಂಬರಿನಲ್ಲಿ ಎಡ್ವರ್ಡ್ ಚಂಡಮಾರುತದೊಳಗೆ ಕಯೋಟಿಗಳನ್ನು ಬಿಟ್ಟಾಗ ಆ ಪದರದಲ್ಲಿ ಸೆಕೆಂಡುಗಳ ಬದಲು ಹೊತ್ತುಗಟ್ಟಲೆ ಇದ್ದು ಅಳೆಯುವುದು ಸಾಧ್ಯವಾಯಿತು. 2022ರ ಸೆಪ್ಟೆಂಬರಿನಲ್ಲಿ ಇಯಾನ್ ಚಂಡಮಾರುತಕ್ಕೆ ಬಿಟ್ಟದ್ದು ಆಲ್ಟಿಯಸ್-600 ಎಂಬ ಹೊಸ ಪೀಳಿಗೆಯದು. ಅದು ಒಂದೂವರೆ ಗಂಟೆಗೂ ಹೆಚ್ಚು ಹಾರಿತು, ಗಂಟೆಗೆ 300 ಕಿ.ಮೀ. ಮೀರಿದ ಗಾಳಿಯನ್ನು ಅಳೆದು ಕಳಿಸಿತು. ತನ್ನ ಸ್ವಂತ ವೇಗವನ್ನು ಹಿಂದಿಕ್ಕುವ ಗಾಳಿಯೊಳಗೆ ಹಾರುವ ವಿಮಾನ ಗಾಳಿಗೆ ಎದುರಾಗಿ ಮುಂದಕ್ಕೆ ಹೋಗುವುದೇ ಇಲ್ಲ, ಗಾಳಿ ಒಯ್ದ ಕಡೆಗೆ ಹೋಗುತ್ತದೆ. ಹೋಗುತ್ತ ಲೆಕ್ಕ ಒಪ್ಪಿಸುತ್ತದೆ.

ಅಂದಹಾಗೆ ಈ ಕಯೋಟಿ ಆಮೇಲೆ ಪೂರ್ತಿ ಬೇರೆ ದಾರಿ ಹಿಡಿಯಿತು. ಜೆಟ್ ಎಂಜಿನ್ ಹಾಕಿಸಿಕೊಂಡು ನೆಲದಿಂದ ಚಿಮ್ಮಿ ಶತ್ರುಗಳ ಡ್ರೋನ್‌ಗಳನ್ನೇ ಹೊಡೆಯುವ ಅಸ್ತ್ರವಾಗಿದೆ.

ವಿಮಾನದಿಂದ ವಿಮಾನ ಬಿಡುವುದು ಹೊಸ ಆಸೆಯೇನಲ್ಲ. ವಿಯೆಟ್ನಾಂ ಯುದ್ಧದ ಕಾಲಕ್ಕೆ, 1964ರಿಂದ 1975ರವರೆಗೆ, ಅಮೆರಿಕದವರು ಡಿಸಿ-130 ವಿಮಾನಗಳ ರೆಕ್ಕೆಯಡಿ ತೂಗುಹಾಕಿದ ಪೈಲಟ್ ಇಲ್ಲದ ಜೆಟ್‌ಗಳನ್ನು 3,435 ಬಾರಿ ಕೆಲಸಕ್ಕೆ ಕಳಿಸಿದರು. ಆದರೆ ಅವು ಟನ್ನಿನ ಲೆಕ್ಕದವು, ಒಂದು ತಾಯಿಗೆ ಎರಡೋ ನಾಲ್ಕೋ. ಈಗಿನ ಆಟ ಬೇರೆ: ತೂಕ ಇಳಿಸು, ಎಣಿಕೆ ಏರಿಸು.

ಎಣಿಕೆ ಎಲ್ಲಿಗೆ ಹೋಯಿತೆಂದರೆ, 2016ರ ಅಕ್ಟೋಬರಿನಲ್ಲಿ ಕ್ಯಾಲಿಫೋರ್ನಿಯಾದ ಚೈನಾ ಲೇಕ್ ಮೇಲೆ ಮೂರು ಎಫ್/ಎ-18 ಯುದ್ಧವಿಮಾನಗಳು ಹಾರುತ್ತ ಹಾರುತ್ತಲೇ 103 ಪರ್ಡಿಕ್ಸ್ ಡ್ರೋನ್‌ಗಳನ್ನು ಚೆಲ್ಲಿದವು. ಒಂದೊಂದರ ತೂಕ 290 ಗ್ರಾಂ. ನಮ್ಮ 2021ರ ಡ್ರೋನ್ ನಿಯಮಗಳಲ್ಲಿ 250 ಗ್ರಾಂವರೆಗಿನದು ನ್ಯಾನೋ. ಪರ್ಡಿಕ್ಸ್ ಅದಕ್ಕಿಂತ ನಲವತ್ತೇ ಗ್ರಾಂ ಮೇಲೆ. ಹೊಸಪೇಟೆಯ ಮದುವೆ ಮಂಟಪಗಳ ಮೇಲೆ ಗುಂಯ್‌ಗುಡುವ ಡ್ರೋನ್‌ಗಳಿಗಿಂತಲೂ ಹಗುರ ಇದ್ದೀತು. 103ರ ಒಟ್ಟು ತೂಕ 30 ಕಿಲೋ. ಕಂಪ್ಲಿ, ಗಂಗಾವತಿ ಕಡೆಯ ಸೋನಾ ಮಸೂರಿ 25 ಕಿಲೋ ಚೀಲಕ್ಕಿಂತ ಒಂದಿಷ್ಟು ಹೆಚ್ಚು, ಅಷ್ಟೇ. ಒಂದು ಎಫ್/ಎ-18ರ ಗರಿಷ್ಠ ತೂಕ ಸುಮಾರು 30 ಟನ್: ಇಡೀ ಹಿಂಡು ಅದರ ಸಾವಿರದಲ್ಲಿ ಒಂದು ಪಾಲು. ಆ ಹಿಂಡಿಗೆ ನಾಯಕ ಇರಲಿಲ್ಲ. ಒಂದಕ್ಕೊಂದು ಮಾತಾಡಿಕೊಳ್ಳುತ್ತ, ಬಿದ್ದುಹೋದವುಗಳ ಜಾಗ ಉಳಿದವು ತುಂಬುತ್ತ ಹಾರಿದವು.

ಬೆರಗಿನ ಈ ಭರದಲ್ಲಿ ಒಂದು ಸಂಗತಿ ಮರೆಯುವಂತಿಲ್ಲ, ಅದು ಗಾಳಿಯ ಪೆಟ್ಟು. ಗಾಳಿಯ ಒತ್ತಡ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 110 ಕಿ.ಮೀ. ಹಾರಲೆಂದು ಮಾಡಿದ ರೆಕ್ಕೆಯನ್ನು 550 ಕಿ.ಮೀ. ವೇಗದಲ್ಲಿ ಓಡುವ ವಿಮಾನದಿಂದ ಹೊರಹಾಕಿದ ಕ್ಷಣ ಬಿಚ್ಚಿದರೆ, ವೇಗ ಐದರಷ್ಟು, ಪೆಟ್ಟು 25ರಷ್ಟು. ಒಂದು ಮಣ ತಡೆಯಬಲ್ಲ ಕಡ್ಡಿಗೆ 25 ಮಣ ಹೇರಿದಂತೆ, ಪುಡಿಯಾಗಿ ಹೋದೀತು. ಅದಕ್ಕೇ ಕಯೋಟಿ ಕೊಳವೆಯಿಂದ ಬಿದ್ದ ಕೂಡಲೇ ರೆಕ್ಕೆ ಬಿಚ್ಚುವುದಿಲ್ಲ. ಮೊದಲು ಪ್ಯಾರಾಚೂಟ್ ತೆರೆದು ವೇಗ ಇಳಿಯಬೇಕು, ಆಮೇಲೆ ಕವಚ ಕಳಚಬೇಕು, ಆಮೇಲೆ ರೆಕ್ಕೆ, ಆಮೇಲೆ ಮೋಟಾರು. ಪರ್ಡಿಕ್ಸ್ ಶಬ್ದವೇಗದ ಹತ್ತನೇ ಆರು ಪಾಲಿನಲ್ಲಿ, ಅಂದರೆ ಗಂಟೆಗೆ 700 ಕಿ.ಮೀ.ಗೆ ಹತ್ತಿರದ ವೇಗದಲ್ಲಿ, ಸೊನ್ನೆಗಿಂತ 10 ಡಿಗ್ರಿ ಕೆಳಗಿನ ಚಳಿಯಲ್ಲಿ ಉದುರಿಯೂ ಬದುಕಿತು ಎಂದು ಹೇಳುವಾಗ ಅದನ್ನು ಮಾಡಿದವರ ದನಿಯಲ್ಲಿ ಹೆಮ್ಮೆ ಇದ್ದದ್ದು ಈ 25ರ ಲೆಕ್ಕ ಗೊತ್ತಿದ್ದದ್ದರಿಂದಲೇ. ಚಿಕ್ಕದಾಗಿರುವುದೇ ಇಲ್ಲಿ ವರ. ಅಂಗೈಯಷ್ಟು ರೆಕ್ಕೆಗೆ ಹೊಡೆತ ತಡೆಯುವ ಗಟ್ಟಿತನ ಕೊಡುವುದು ಸುಲಭ. ಮಾರುದ್ದದ ರೆಕ್ಕೆಗೆ ಕಷ್ಟ.

ನಮ್ಮಲ್ಲಿ ಈ ಕೆಲಸದ ಹೆಸರು ಆಲ್ಫಾ-ಎಸ್. ಬೆಂಗಳೂರಿನ ನ್ಯೂಸ್ಪೇಸ್ ರಿಸರ್ಚ್ ಎಂಬ ಕಂಪನಿ ಎಚ್‌ಎಎಲ್ ಜೊತೆ ಸೇರಿ ಕೈಹಾಕಿದ್ದು. ಇದೇ ಕಂಪನಿಯ ಕೈಯಿಂದ 2021ರ ಜನವರಿ 15ರ ಸೇನಾ ದಿನದಂದು ದಿಲ್ಲಿಯಲ್ಲಿ 75 ಡ್ರೋನ್‌ಗಳ ಹಿಂಡು ಹಾರಿತ್ತು, ಆದರೆ ಅವು ನೆಲದಿಂದ ಎದ್ದವು. ಮರುತಿಂಗಳು ಯಲಹಂಕದ ಏರೋ ಇಂಡಿಯಾದಲ್ಲಿ ಎಚ್‌ಎಎಲ್ ಕ್ಯಾಟ್ಸ್ ಎಂಬ ಇಂಥ ಯಂತ್ರಗಳ ಪೂರ್ತಿ ಕುಟುಂಬವನ್ನೇ ತೋರಿಸಿತು. ಅದರ ಪ್ರಕಾರ ಸುಖೋಯ್-30 ಅಥವಾ ಜಾಗ್ವಾರ್ ವಿಮಾನದ ರೆಕ್ಕೆಯಡಿಯಿಂದ ಒಂದು ಪೆಟ್ಟಿಗೆ ಕಳಚಿ ಜಾರುತ್ತ 50 ರಿಂದ 100 ಕಿ.ಮೀ. ತೇಲಿಹೋಗುತ್ತದೆ, ಅದರೊಳಗಿಂದ ನಾಲ್ಕು ಮರಿಗಳು ಹೊರಬರುತ್ತವೆ. ಒಂದೊಂದು 25 ಕಿಲೋ, ಅದರಲ್ಲಿ 5 ರಿಂದ 8 ಕಿಲೋ ಸಿಡಿಮದ್ದು. ಇಲ್ಲಿ ಮೂರು ತಲೆಮಾರು ಇದೆ: ಅಜ್ಜಿ ಸುಖೋಯ್ 38.8 ಟನ್, ತಾಯಿ ಪೆಟ್ಟಿಗೆ, ಮೊಮ್ಮಗು 25 ಕಿಲೋ. ಗಸ್ತು ವಿಮಾನದ ಮರಿ ಹುಡುಕಲು ಹೋಗುತ್ತದೆ, ಈ ಮೊಮ್ಮಕ್ಕಳು ಹೊಡೆದು ತಾವೂ ಸಾಯಲು ಹೋಗುತ್ತವೆ. ಬೆರಗಿಗೂ ಒಂದು ಗಡಿ ಬೇಕಲ್ಲ.

ಪೈಲಟ್ ಇಲ್ಲದ ವಿಮಾನಗಳ ಪರೀಕ್ಷೆಗೆಂದೇ ಡಿಆರ್‌ಡಿಒ ಕಟ್ಟಿದ ಅಂಗಳ ನಮಗೆ ದೂರವಿಲ್ಲ. ಚಳ್ಳಕೆರೆ ತಾಲ್ಲೂಕಿನ ಕುದಾಪುರದ ಬಳಿ, ಹಿಂದೆ ಅಮೃತಮಹಲ್ ದನಗಳು ಮೇಯುತ್ತಿದ್ದ ಕಾವಲುಗಳಲ್ಲಿ, 4,290 ಎಕರೆ. 2017ರ ಮೇ ತಿಂಗಳಲ್ಲಿ ಉದ್ಘಾಟನೆಯಾಯಿತು. ಹೊಸಪೇಟೆಯಿಂದ ನೇರ ಗೆರೆಯಲ್ಲಿ ನೂರು ಕಿ.ಮೀ. ಆಸುಪಾಸು. ಅಲ್ಲಿನ ರನ್‌ವೇ ಎರಡು ಕಿ.ಮೀ.ಗೂ ಹೆಚ್ಚು, ನಮ್ಮ ಡ್ಯಾಂ ಉದ್ದ 2,449 ಮೀಟರ್, ಒಂದರ ಪಕ್ಕ ಇನ್ನೊಂದಿಟ್ಟರೆ ಹೆಚ್ಚು ವ್ಯತ್ಯಾಸ ಕಾಣದು. ಹೊಸಪೇಟೆಯ ನೆತ್ತಿಯ ಮೇಲೆ ಆ ಪೆಟ್ಟಿಗೆಯನ್ನು ಕಳಚಿದರೆ ಗರಿಷ್ಠ ಲೆಕ್ಕದಲ್ಲಿ ಎಂಜಿನ್ ಇಲ್ಲದೆಯೇ ಕುದಾಪುರದ ಬೇಲಿ ಮುಟ್ಟೀತು. ಅಲ್ಲಿಂದ ಎದ್ದು ಬಿದ್ದ ವಿಮಾನಗಳೂ ಇವೆ. 2019ರ ಸೆಪ್ಟೆಂಬರ್ 17ರಂದು ರುಸ್ತುಂ-2 ಜೋಡಿಚಿಕ್ಕೇನಹಳ್ಳಿ ಬಳಿಯ ಹೊಲದಲ್ಲಿ ಬಿತ್ತು. 2023ರ ಆಗಸ್ಟಿನಲ್ಲಿ ತಪಸ್ ಎಂಬ ಹೊಸ ಹೆಸರಿನ ಅದೇ ಮಾದರಿ ಹಿರಿಯೂರು ತಾಲ್ಲೂಕಿನ ವದ್ದೀಕೆರೆ ಹತ್ತಿರ. ಸುಮಾರು ಎರಡು ಟನ್ ತೂಕದ, 20 ಮೀಟರು ರೆಕ್ಕೆಯ ಯಂತ್ರ ಹೊಲದಲ್ಲಿ ಮುರಿದುಬಿದ್ದರೆ ಸುತ್ತಲ ಊರಿನವರೆಲ್ಲ ಮೊಬೈಲ್ ಹಿಡಿದು ಓಡಿಬಾರದಿರುತ್ತಾರೆಯೇ.

ಬೆಂಗಳೂರಿನ ಎಡಿಇ ಪ್ರಯೋಗಾಲಯ ದಶಕಗಳ ಹಿಂದೆ ಮಾಡಿದ ಲಕ್ಷ್ಯ ಎಂಬ ಪೈಲಟ್ ಇಲ್ಲದ ಗುರಿವಿಮಾನಕ್ಕೆ ಎಚ್‌ಎಎಲ್ ಪಿಟಿಎಇ-7 ಎಂಬ ಪುಟ್ಟ ಜೆಟ್ ಎಂಜಿನ್ ಮಾಡಿಕೊಟ್ಟಿತ್ತು. ಹೊಡೆಸಿಕೊಳ್ಳಲಿಕ್ಕೆಂದೇ ಹುಟ್ಟಿದ ಯಂತ್ರದ ಎಂಜಿನ್ ಅದು. 2025ರ ಜನವರಿಯಲ್ಲಿ ಎಚ್‌ಎಎಲ್ ಅದೇ ಕ್ಯಾಟ್ಸ್ ಕುಟುಂಬದ ವಾರಿಯರ್ ಡ್ರೋನಿನ ಪೂರ್ಣಗಾತ್ರದ ಮಾದರಿಯನ್ನು ನೆಲದ ಮೇಲೆ ನಿಲ್ಲಿಸಿ ಎಂಜಿನ್ ಚಾಲೂ ಮಾಡಿದಾಗ ಒಳಗಿದ್ದದ್ದು ಅದೇ ಮನೆತನದ ಜೋಡಿ.

ಬಿಡುವುದು ಇಷ್ಟು ಕಷ್ಟ ಎಂದಮೇಲೆ ಹಿಂದಕ್ಕೆ ತೆಗೆದುಕೊಳ್ಳುವುದು? ಅಮೆರಿಕದ ಡಾರ್ಪಾ ಸಂಸ್ಥೆ ಗ್ರೆಮ್ಲಿನ್ಸ್ ಎಂಬ ಯೋಜನೆಯಲ್ಲಿ ಅದನ್ನೇ ಮಾಡಹೊರಟಿತು. ಸಿ-130 ಸಾಗಣೆ ವಿಮಾನದ ಹಿಂದಿನಿಂದ ಒಂದು ಕೊಂಡಿ ಜೋತುಬೀಳುತ್ತದೆ, ಸುಮಾರು 680 ಕಿಲೋ ತೂಕದ ಡ್ರೋನ್ ಬಂದು ಅದನ್ನು ಕಚ್ಚಿಕೊಳ್ಳಬೇಕು. ಎರಡೂ ಗಂಟೆಗೆ ನೂರಾರು ಕಿ.ಮೀ. ವೇಗದಲ್ಲಿ ಓಡುತ್ತಿರುತ್ತವೆ, ದೊಡ್ಡ ವಿಮಾನದ ಬೆನ್ನಹಿಂದೆ ಗಾಳಿ ಸುಳಿಸುಳಿಯಾಗಿ ಕುಣಿಯುತ್ತಿರುತ್ತದೆ. 2020ರಲ್ಲಿ ಒಂಬತ್ತು ಬಾರಿ ಯತ್ನಿಸಿದರು. ಒಂಬತ್ತೂ ಸಲ ಕೆಲವೇ ಇಂಚುಗಳಲ್ಲಿ ತಪ್ಪಿತು. ಕೊನೆಗೆ 2021ರ ಅಕ್ಟೋಬರಿನಲ್ಲಿ ಒಂದು ಸಿಕ್ಕಿತು. ಒಂದು! ಅಲ್ಲಿಗೆ ಅದು ಸಾಧನೆಯಾಗಿ ದಾಖಲಾಯಿತು. ಕೊಳವೆಯಿಂದ ಉದುರಿದ ಆರು ಕಿಲೋ ಮರಿಯನ್ನು ಮರಳಿ ಹಿಡಿಯುವ ತಂಟೆಗೆ ಯಾರೂ ಹೋಗುವುದಿಲ್ಲ. ಕೆಲಸ ಮುಗಿದ ಮೇಲೆ ಅದರ ಜಾಗ ಕಡಲಿನ ತಳ.

ಹಾಗಾದರೆ ಕೊನೆಯದೊಂದು ಲೆಕ್ಕ, ನಾನೇ ಕಾಗದದ ಮೇಲೆ ಹಾಕಿದ್ದು. ಒಂದು ಪಿ-8ಐ ತನ್ನ 120 ಸೋನೋಬಾಯ್‌ಗಳ ಜಾಗದಲ್ಲೂ ಮರಿಗಳನ್ನೇ ತುಂಬಿಕೊಂಡಿತು ಅನ್ನೋಣ. ಅವುಗಳ ಒಟ್ಟು ತೂಕ 708 ಕಿಲೋ, ವಿಮಾನದ ತೂಕದ ನೂರರಲ್ಲಿ ಒಂದು ಪಾಲೂ ಅಲ್ಲ. ಒಂದೊಂದು ಮರಿ ಒಂದು ಗಂಟೆಯಲ್ಲಿ 110 ಕಿ.ಮೀ. ಹಾರಿ, ಎಡಬಲ ಸೇರಿ ಒಂದು ಕಿ.ಮೀ. ಅಗಲದ ಪಟ್ಟಿಯನ್ನು ಗುಡಿಸಿದರೆ 120ರಿಂದ 13,200 ಚದರ ಕಿ.ಮೀ. ನಮ್ಮ ತ್ರಿಕೋನದ ಸುಮಾರು 37ರಷ್ಟು; ಹರಪನಹಳ್ಳಿ ಸೇರುವ ಮುಂಚಿನ ಹಳೇ ಬಳ್ಳಾರಿ ಜಿಲ್ಲೆಯ ಸುಮಾರು 8,450 ಚದರ ಕಿ.ಮೀ.ಯನ್ನು ಒಂದೂವರೆ ಬಾರಿ ಗುಡಿಸಿದಂತೆ. ಅದೂ ಒಂದು ಗಂಟೆಯಲ್ಲಿ! ಇಡೀ 23.7 ಲಕ್ಷ ಚದರ ಕಿ.ಮೀ. ಕಡಲಿಗೆ ಇಂಥ 180 ಹಾರಾಟ ಬೇಕು, ಹನ್ನೆರಡೂ ವಿಮಾನಗಳು ತಲಾ 15 ಬಾರಿ. ಉದುರುವ ಮರಿಗಳು 21,600. ತಲಾ 15 ರಿಂದ 20 ಸಾವಿರ ಡಾಲರಿನಂತೆ 32 ರಿಂದ 43 ಕೋಟಿ ಡಾಲರು ನೀರುಪಾಲು. ಎಂಟು ಪಿ-8ಐಗಳಿಗೆ ಕೊಟ್ಟ ಹಣದ ಐದನೆಯ ಅಥವಾ ಆರನೆಯ ಒಂದು ಪಾಲು, ಒಂದೇ ಸಲದ ಗುಡಿಕೆಗೆ. ಮತ್ತು ಆ ಒಂದು ಗಂಟೆಯಲ್ಲಿ, ನಿಧಾನಕ್ಕೆ ಗಂಟೆಗೆ ಹತ್ತು ನಾಟಿಕಲ್ ಮೈಲಿ ವೇಗದಲ್ಲಿ ಹೋಗುವ ಜಲಾಂತರ್ಗಾಮಿಯೂ 18 ಕಿ.ಮೀ. ಸರಿದಿರುತ್ತದೆ, ಈಗಷ್ಟೇ ಗುಡಿಸಿ ಮುಗಿಸಿದ ಪಟ್ಟಿಯೊಳಕ್ಕೆ ಬಂದು ಸೇರಿದರೂ ಸೇರಿತು.